ಪಟ್ಟಲಮ್ಮನ ಒರತೆ

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ನಾನು ಮದುವೆಯಾಗಿ ಮದ್ದೂರಿಗೆ ಬಂದಾಗ ಅತ್ತೆ ಮೊದಲು ತೋರಿಸಿದ್ದು ಒಲೆಯನ್ನಲ್ಲ, ಹೊಳೆಯನ್ನು. ಶಿವರಾತ್ರಿ ಕಳೆದರೆ ಶಿಂಷೆಯಲ್ಲಿ ಮರಳು, ಅಲ್ಲೊಂದು ಇಲ್ಲೊಂದು ಪಾಚಿಗಟ್ಟಿದ ಮಡು, ಅಷ್ಟೇ. ಮರಳಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಕಾದರೆ ತಳದಲ್ಲಿ ನೀರು ಜಿನುಗುತ್ತಿತ್ತು. ಅದೇ ಒರತೆ. ನಮ್ಮ ಬೀದಿಯ ಒರತೆಯನ್ನು ತೋಡಿದವಳು ಪಟ್ಟಲಮ್ಮ, ಕಾಯುತ್ತಿದ್ದವಳೂ ಅವಳೇ. ಕಾಯೆಂದು ಯಾರೂ ಹೇಳಿರಲಿಲ್ಲ. ಗಂಡ ಸತ್ತಿದ್ದ. ಹದಿನಾಲ್ಕು ವರ್ಷದ ಮಗಳು ಮಾಯಮ್ಮನನ್ನು ಕಟ್ಟಿಕೊಂಡು ಹೋಟೆಲಿಗೆ ನೀರು ಹೊತ್ತು ಬದುಕುತ್ತಿದ್ದಳು.

ಅವಳ ಕಾಯಿದೆ ಪೊಲೀಸರ ಕಾಯಿದೆಗಿಂತ ಬಿಗಿ. ಸೋರೆಬುರುಡೆಯಲ್ಲೇ ಮೊಗೆಯಬೇಕು, ಅದೂ ಮೇಲುಮೇಲಿನ ನೀರು. ತಳದಲ್ಲಿ ನಾಲ್ಕು ಬೆರಳು ಬಿಟ್ಟು ಏಳಬೇಕು. ಹೋಗುವಾಗ ಸೊಪ್ಪಿನ ಕೊಂಬೆ ಮುಚ್ಚಬೇಕು. ಒಂದು ದಿನ ನನ್ನ ಕೊಡ ಅರ್ಧಕ್ಕೇ ನಿಂತಿತು. ಬುರುಡೆಯನ್ನು ತಳಕ್ಕೆ ಒತ್ತಿದೆ. ಪಟ್ಟಲಮ್ಮ ರಟ್ಟೆ ಹಿಡಿದು ಎಬ್ಬಿಸಿದಳು.

“ತಳ ಕೆರೀಬ್ಯಾಡ ಕಣಮ್ಮ. ಜೇಡಿ ಎದ್ರೆ ಒರತೆ ಕಣ್ಣು ಮುಚ್ಕೊತದೆ. ನಾಳಿಕೆ ಏನ್ ಕುಡಿದೀಯ?”

“ಅರ್ಧ ಕೊಡ ತಗೊಂಡೋದ್ರೆ ನಮ್ಮತ್ತೆ ಬಯ್ತಾರೆ ಕಣಕ್ಕ.”

“ಬಯ್ಲಿ ಬುಡು. ಬೈಸ್ಕೊಂಡು ಯಾರೂ ಸತ್ತಿಲ್ಲ.”

ಮಾರನೆಯ ವರ್ಷ ಬೇಸಿಗೆಯಲ್ಲಿ ಬೆಸಗರಹಳ್ಳಿಯ ಅವಳ ಅಣ್ಣ ತೀರಿಕೊಂಡ. ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋದವಳು ಮೂರು ದಿನ ಬರಲಿಲ್ಲ. ಅಷ್ಟರಲ್ಲಿ ಯಾರೋ ತಳ ಕೆರೆದರು. ಅವರನ್ನು ನೋಡಿ ಇನ್ನೊಬ್ಬರು. ಯಾರೋ ಎಂದು ಬರೆದು ನಾನು ತಪ್ಪಿಸಿಕೊಳ್ಳಲಾರೆ, ಕೆರೆದವರಲ್ಲಿ ನಾನೂ ಇದ್ದೆ. ನೆನೆದರೆ ನನ್ನ ಮೇಲೆ ನನಗೇ ಸಿಟ್ಟು. ಒರತೆ ಮುಚ್ಚಿಕೊಂಡಿತು. ಬಟ್ಟೆ ಒಗೆಯುವ, ದನ ಇಳಿಯುವ ಮಡುವಿನ ನೀರನ್ನೇ ಸೆರಗಿನಲ್ಲಿ ಸೋಸಿ ಕುಡಿದೆವು. ಮಾಯಮ್ಮನಿಗೂ ಅದನ್ನೇ ಕೊಟ್ಟೆ.

ಹಿಂತಿರುಗಿದ ಪಟ್ಟಲಮ್ಮ ಒಂದು ಮಾತೂ ಬಯ್ಯಲಿಲ್ಲ. ಹತ್ತು ಮಾರು ಆಚೆ ಹೊಸ ಗುಂಡಿ ತೋಡಿದಳು. ಮಾರನೆಯ ಬೆಳಿಗ್ಗೆ ನೀರು ತಿಳಿಯಾಗಿತ್ತು. ಎರಡು ಕೊಡ ತುಂಬಿ ತನ್ನ ಮನೆಗೆ ತಂದಿಡುವ ಹೊತ್ತಿಗೆ ಮಾಯಮ್ಮನಿಗೆ ವಾಂತಿಭೇದಿ ಶುರುವಾಗಿತ್ತು.

ಕಾಲರಾ ಬಂದವರಿಗೆ ನೀರು ಕೊಡಬಾರದೆಂದು ಆಗ ನಾವೆಲ್ಲ ನಂಬಿದ್ದೆವು. ಕೊಟ್ಟರೆ ಭೇದಿ ಹೆಚ್ಚಾಗಿ ಜೀವ ಹೋಗುತ್ತದೆ ಎಂದು. ಸೂಲಗಿತ್ತಿ ಮಂಚಮ್ಮ ಬಂದು ಅದನ್ನೇ ಹೇಳಿಹೋದಳು. ಹುಡುಗಿಯ ಕಣ್ಣು ಗುಳಿ ಬಿದ್ದಿತ್ತು.

“ಅವ್ವ, ಒಂದ್ ಗುಟುಕು ನೀರು ಬುಡವ್ವ.”

“ಬ್ಯಾಡ ಕಣ್ ಮಗ. ಬೇದಿ ನಿಲ್ಲಾಕಿಲ್ಲ. ಸಂಜೆಗಂಟ ತಡ್ಕೊ.”

ಪಟ್ಟಲಮ್ಮ ಒದ್ದೆ ಬಟ್ಟೆಯಿಂದ ಮಗಳ ತುಟಿ ಒರೆಸಿದಳು. ಮಾಯಮ್ಮ ಬಟ್ಟೆಯನ್ನು ಕಚ್ಚಿ ಚೀಪಿದಳು. ತಾಯಿ ಬಿಡಿಸಿಕೊಂಡಳು. ನಾನು ಬಾಗಿಲಲ್ಲೇ ನಿಂತಿದ್ದೆ. ದೀಪ ಹಚ್ಚುವ ಮೊದಲೇ ಹುಡುಗಿ ಹೋದಳು.

ಅತ್ತವರು ನಾವು. ಪಟ್ಟಲಮ್ಮ ಅಳಲಿಲ್ಲ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇರಬಾರದು, ಚೆಲ್ಲು ಎಂದು ಅತ್ತೆ ಹೇಳಿದರು. ಅವಳು ಚೆಲ್ಲಲಿಲ್ಲ. ಒರತೆಯ ನೀರು ಚೆಲ್ಲಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಮೂರನೆಯ ದಿನ ಹೊಳೆಗೆ ಬಂದು ಗುಂಡಿಯ ಪಕ್ಕ ಕೂತಳು. ಯಾರು ಎಷ್ಟು ಮೊಗೆದರೂ ತಲೆ ಎತ್ತಲಿಲ್ಲ. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಕೊಡ ತುಂಬುತ್ತಿದ್ದೆ, ಹೊರುತ್ತಿದ್ದೆ, ಇಳಿಸುತ್ತಿದ್ದೆ.

ವಾರದ ಮೇಲೆ ಮಂಡ್ಯದಿಂದ ಕಾಲರಾ ಸೂಜಿ ಹಾಕುವ ಕಾಂಪೌಂಡರ್ ಬಂದ. ಸಾಲಿನಲ್ಲಿ ನಿಂತ ನಮಗೆಲ್ಲ ಗದರಿದ.

“ಕಾಯಿಲೆ ಬಂದವರಿಗೆ ನೀರು ನಿಲ್ಲಿಸಬೇಡಿ. ಮೈಯಲ್ಲಿನ ನೀರೆಲ್ಲ ಹೋಗಿಯೇ ಸಾಯೋದು. ಕಾಯಿಸಿ ಆರಿಸಿ ಕುಡಿಸಿ.”

ಪಟ್ಟಲಮ್ಮ ತೋಳು ಚಾಚಿ ನಿಂತಿದ್ದಳು. “ಎಷ್ಟು ಕುಡಿಸ್ಬೇಕು ಸಾಮಿ?”

“ಕೇಳಿದಷ್ಟು.”

ಸೂಜಿ ಚುಚ್ಚಿದಾಗ ಅವಳು ಅಲುಗಲಿಲ್ಲ.

“ಎಲ್ಡು ಕೊಡ ತುಂಬಿತ್ತು. ಇನ್ನೂ ಅಂಗೇ ಅವೆ,” ಅಂದಳು.

ಕಾಂಪೌಂಡರ್‌ಗೆ ಅರ್ಥವಾಗಲಿಲ್ಲ. ಮುಂದಿನವರನ್ನು ಕರೆದ. ಪಟ್ಟಲಮ್ಮ ಮನೆಗೆ ಹೋಗಿ ಕೊಡಗಳನ್ನು ಒಂದೊಂದಾಗಿ ಹೊಳೆಗೆ ಹೊತ್ತು ತಂದಳು. ಒಂದು ಹನಿ ಚೆಲ್ಲಿದರೂ ನಮ್ಮನ್ನು ಬಯ್ಯುತ್ತಿದ್ದವಳು ಎರಡನ್ನೂ ಬರಿಯ ಮರಳಿಗೆ ಸುರಿದಳು.