ಎರಡು ಎಚ್.ಪಿ. ಮಿಕ್ಸರ್

ಲಗಮಣ್ಣ ಪ್ರತಿ ಸೋಮವಾರ ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರಪುಡಿಯ ಗಂಟು ಕಟ್ಟಿಕೊಂಡೇ ಮುಧೋಳದ ಮಿಕ್ಸರ್ ಅಂಗಡಿಗೆ ಬರುತ್ತಾನೆ. ಎಂಥ ದುಬಾರಿ ಮಿಕ್ಸರಿಗೂ ಅವನದು ಪಂಪ್‌ಸೆಟ್ಟಿನ ಪ್ರಶ್ನೆಯೇ: "ಇದು ಎಷ್ಟು ಎಚ್.ಪಿ. ಐತ್ರಿ?" ಎರಡು ಎಂದರೆ, "ಅಷ್ಟರಾಗ ಹೊಳಿ ನೀರು ನನ್ನ ಕಬ್ಬಿಗೆ ಏರತೈತಿ, ಹಿಡಿ ಶೇಂಗಾಕ್ಕ ಇಷ್ಟ್ಯಾಕ್ರಿ?" ಎಂದು ಹೌಹಾರುತ್ತಾನೆ, ಒಂದು ಎಂದರೆ, "ಸಾಲಂಗಿಲ್ಲ ಬಿಡ್ರಿ" ಎನ್ನುತ್ತಾನೆ. ಒಂದೊಂದರಲ್ಲೂ ಚಟ್ನಿ ಮಾಡಿಸಿ, ಜ್ವರ ನೋಡುವವರಂತೆ ಮೋಟರಿನ ಮೇಲೆ ಅಂಗೈ ಇಟ್ಟು, ಚಟ್ನಿಯನ್ನು ಅಂಗಡಿಯವರಿಗೆಲ್ಲ ಹಂಚಿ, "ಮುಂದಿನ ವಾರ ನೋಡೂಣ್ರಿ" ಎಂದು ಬಸ್ಸು ಹಿಡಿಯುತ್ತಾನೆ. ಮಿಕ್ಸರ್ ತರಲು ಕಳಿಸುವವಳು ಹೆಂಡತಿ ಮುದಕವ್ವ. ಅವಳ ತೋಳು ಮೇಲೇಳದಂತಾದ ಮೇಲೆ ಒರಳಲ್ಲಿ ಚಟ್ನಿ ಕುಟ್ಟುವವನು ಲಗಮಣ್ಣನೇ. ನಲವತ್ತು ವರ್ಷ ಒಲೆಯ ಹತ್ತಿರ ಸುಳಿಯದವನ ಪಕ್ಕ ಕೂತು ಅವಳು, "ಇನ್ನೊಂದೀಟು ಕುಟ್ರಿ" ಎನ್ನುತ್ತಾಳೆ. ಅದನ್ನು ಮತ್ತೊಮ್ಮೆ ಕೇಳಬೇಕೆಂದು ಅವನು ಬೇಕಂತಲೇ ಮೆತ್ತಗೆ ಕುಟ್ಟುತ್ತಾನೆ.