ಹುಣಸೆಮರದ ಕೆಳಗೆ ನಿಂತ ಲಾರಿಗಳು

ಶಿರೀಷಾ, ನಿನ್ನ ಅಪ್ಪನ ಕೆಲಸ ಹೋದದ್ದು ನನ್ನಿಂದ. ಅವರು ಡೀಸೆಲ್ ಕದಿಯಲಿಲ್ಲ, ಒಂದು ಹನಿಯನ್ನೂ ಕದಿಯಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಈ ಆರು ವರ್ಷವೂ ಗೊತ್ತಿತ್ತು. ಹೋದ ವಾರ ಕೋಲಾರದಲ್ಲಿ ನಿಮ್ಮ ಕಾಲೇಜಿನ ಕಾರಿಡಾರಿನಲ್ಲಿ ನೀನು ದನಿ ತಗ್ಗಿಸಿ ಕೇಳಿದಾಗಲೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಅವತ್ತು ನಿಮ್ಮ ಕಾಲೇಜಿನವರು ನನ್ನನ್ನು ಕರೆಸಿದ್ದು ‘ಲಾಜಿಸ್ಟಿಕ್ಸ್ ಅನಲಿಸ್ಟ್: ಮುಂದಿನ ಅವಕಾಶಗಳು’ ಎಂಬ ವಿಷಯದ ಮೇಲೆ ಮಾತನಾಡಲು. ಮಾತನಾಡಿದೆ. ಮಾಲೂರು, ನರಸಾಪುರ, ವೇಮಗಲ್ ಕಡೆ ಹೊಸ ಗೋಡೌನುಗಳು ಏಳುತ್ತಿವೆ, ಪ್ರತಿಯೊಂದಕ್ಕೂ ನಮ್ಮಂಥವರು ಬೇಕು, ನಮ್ಮ ಜಿಲ್ಲೆಯ ಹುಡುಗಿಯರು ಬೆಂಗಳೂರಿಗೆ ರೈಲು ಹತ್ತಬೇಕಾಗಿಲ್ಲ ಅಂತೆಲ್ಲ ಹೇಳಿದೆ. ಕೊನೆಗೆ, ಎಲ್ಲ ಕಡೆ ಹೇಳುವ ಹಾಗೆ, ‘ಮನುಷ್ಯರು ಸುಳ್ಳು ಹೇಳಬಹುದು, ಡೇಟಾ ಹೇಳೋದಿಲ್ಲ’ ಅಂದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಶಾಲು ಹೊದಿಸಿದರು, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಕೊಟ್ಟರು. ಆ ಬುಟ್ಟಿ ಹಿಡಿದುಕೊಂಡು ಹೊರಗೆ ಬಂದಾಗ ನೀನು ಎದುರಿಗೆ ನಿಂತಿದ್ದೆ.

“ಮೇಡಂ, ನಾನು ನಂಗಲಿ ರವಣಪ್ಪನ ಮಗಳು. ಅಪ್ಪ ನಿಮ್ ಬಗ್ಗೆ ಯಾವಾಗ್ಲೂ ಹೇಳ್ತಿರ್ತಾರೆ. ಈ ಕೆಲಸಕ್ಕೆ ಮುಂದೆ ಹೆಂಗಿದೆ ಅಂತ ನಿಮ್ಮನ್ನೇ ಕೇಳು ಅಂದ್ರು. ಆಮೇಲೆ... ನಿಮ್ ಕೆಲಸ ಖಾಯಂ ಆಯ್ತಾ ಅಂತ ಕೇಳ್ಕೊಂಡ್ಬಾ ಅಂದ್ರು.”

“ಹ್ಞೂಂ, ಆಯ್ತು” ಅಂದೆ.

ನೀನು ಸುತ್ತಮುತ್ತ ನೋಡಿ ಹತ್ತಿರ ಬಂದೆ. “ಇನ್ನೊಂದು ಮಾತು ಕೇಳ್ಲಾ ಮೇಡಂ? ಅಪ್ಪ ನಿಜವಾಗ್ಲೂ ಆ ಡೀಸೆಲ್ ವಿಷಯದಲ್ಲಿ —”

ಅಷ್ಟರಲ್ಲಿ ಪ್ರಿನ್ಸಿಪಾಲರು ಕಾಫಿಗೆ ಕರೆದರು. ನಾನು ಹೋದೆ. ಕಾಫಿ ಬೇಕಾಗಿರಲಿಲ್ಲ, ಶಿರೀಷಾ. ನಿನ್ನ ಪ್ರಶ್ನೆ ಅರ್ಧಕ್ಕೆ ನಿಂತದ್ದೇ ಸಾಕು ಅನ್ನಿಸಿ ಓಡಿಹೋದೆ. ಅಲ್ಲಿ ನಗುನಗುತ್ತಲೇ ಆ ಕಾಫಿ ಕುಡಿದೆ.

ಈಗ ಪೂರ್ತಿ ಹೇಳುತ್ತೇನೆ.

ಆರು ವರ್ಷದ ಹಿಂದೆ ನಾನು ಮಾಲೂರಿನ ಆ ಗೋಡೌನಿಗೆ ಒಂದು ವರ್ಷದ ಟ್ರೈನಿಯಾಗಿ ಸೇರಿದೆ. ಇಬ್ಬರು ಟ್ರೈನಿಗಳಿದ್ದೆವು, ವರ್ಷದ ಕೊನೆಗೆ ಒಬ್ಬರನ್ನು ಮಾತ್ರ ಖಾಯಂ ಮಾಡುತ್ತೇವೆ ಅಂದಿದ್ದರು. ನನ್ನ ಕೆಲಸ ಇಷ್ಟೇ — ಪ್ರತಿ ಲಾರಿಯಲ್ಲೂ ಒಂದು ಜಿಪಿಎಸ್ ಪೆಟ್ಟಿಗೆ ಇರುತ್ತದೆ, ಗಾಡಿ ಯಾವಾಗ ಹೊರಟಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ಕಂಪ್ಯೂಟರಿಗೆ ಬರುತ್ತದೆ. ಅದನ್ನು ನೋಡಿ ಹೊತ್ತು ಎಲ್ಲಿ ಹಾಳಾಗುತ್ತಿದೆ ಎಂದು ಹುಡುಕಿ ಕೊಡಬೇಕು. ಹುಡುಕಲು ಏನೂ ಸಿಗದಿದ್ದರೆ ಅನಲಿಸ್ಟ್ ಯಾಕೆ ಬೇಕು? ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ಅದು ಎದುರಿಗೆ ಬಂದು ಕೂರುತ್ತದೆ.

ನಿನ್ನ ಅಪ್ಪ ಅಲ್ಲಿ ಗಾಡಿ ಕಳಿಸುವ ಸೂಪರ್‌ವೈಸರು. ಕ್ಲೀನರಾಗಿ ಶುರುಮಾಡಿ, ಇಪ್ಪತ್ತು ವರ್ಷ ಲಾರಿ ಓಡಿಸಿ, ಸೊಂಟ ಕೈಕೊಟ್ಟ ಮೇಲೆ ಗೇಟಿನ ಪಕ್ಕದ ಕೋಣೆಗೆ ಬಂದವರು. ಅವರ ಮೇಜಿನ ಮೇಲೆ ಕಂಪ್ಯೂಟರಿಗಿಂತ ಹತ್ತಿರ ಒಂದು ಪಂಚಾಂಗ. ನಾನು ಆಂಧ್ರದ ಗಡಿಯ ರಾಯಲ್ಪಾಡಿನವಳು ಅಂತ ಗೊತ್ತಾದ ದಿನದಿಂದ ನನ್ನ ಜೊತೆ ಅರ್ಧ ಕನ್ನಡ, ಅರ್ಧ ತೆಲುಗು. ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ತಂದರೆ ನನಗೊಂದು ಪಾಲು ಎತ್ತಿಡುತ್ತಿದ್ದರು. ಯಾವ ಗಾಡಿಯ ಬ್ರೇಕು ಹೇಗೆ, ಯಾವ ಡ್ರೈವರ್ ಮನೆಯಲ್ಲಿ ಮದುವೆ, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿ ರಸ್ತೆ ಯಾವ ಹೊತ್ತಿಗೆ ಕಟ್ಟಿಕೊಳ್ಳುತ್ತದೆ — ಈ ಕೆಲಸದಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಭಾಗ ಅವರು ಹೇಳಿಕೊಟ್ಟದ್ದು.

ನನ್ನ ವರ್ಷ ಮುಗಿಯಲು ಒಂದು ತಿಂಗಳಿತ್ತು. ಆಗ ಡೇಟಾದಲ್ಲಿ ಒಂದು ವಿಚಿತ್ರ ಕಂಡಿತು. ತಿಂಗಳಿಗೊಮ್ಮೆ, ತಪ್ಪದೆ, ಲೋಡಾದ ಏಳೆಂಟು ಗಾಡಿಗಳು ಸಂಜೆ ಗೇಟು ದಾಟಿ, ಇನ್ನೂರು ಮೀಟರ್ ಹೋಗಿ, ಅಲ್ಲೇ ಮರುದಿನದವರೆಗೆ ನಿಂತುಬಿಡುತ್ತಿದ್ದವು. ನಾನು ಎದ್ದು ಹೋಗಿ ರವಣಪ್ಪನವರನ್ನೇ ಕೇಳಿದೆ. ಅವರು ನಕ್ಕು, ಗೇಟಿನ ಆಚೆ ಇರುವ ಹುಣಸೆಮರದ ಹತ್ತಿರ ಕರೆದುಕೊಂಡು ಹೋದರು. ಮರದ ಬುಡದಲ್ಲಿ ಒಡೆದ ತೆಂಗಿನಕಾಯಿ ಚಿಪ್ಪುಗಳು, ಚಕ್ರಕ್ಕೆ ಸಿಕ್ಕು ಅಪ್ಪಚ್ಚಿಯಾದ ನಿಂಬೆಹಣ್ಣುಗಳು ಬಿದ್ದಿದ್ದವು.

“ಅಮಾಸೆ ದಿನ ನಮ್ ಕಡೆ ಡ್ರೈವರುಗಳು ಹೊಸದಾಗಿ ಗಾಡಿ ತೆಗಿಯಲ್ಲಮ್ಮಾ. ಫೋನೇ ಆಫ್ ಮಾಡ್ಕೊಂಡ್ಬುಡ್ತಾರೆ. ಅದಕ್ಕೇ ಹಿಂದಿನ್ ದಿನಾನೇ ಲೋಡ್ ಮಾಡ್ಸಿ, ಕಾಯಿ ಒಡೆಸಿ, ಗೇಟ್ ದಾಟ್ಸಿ ಇಲ್ಲಿ ನಿಲ್ಲಿಸ್ತೀನಿ. ಗೇಟ್ ದಾಟ್ತು ಅಂದ್ರೆ ಪ್ರಯಾಣ ಶುರುವಾದಂಗೆ. ಮಾರನೇ ದಿನ ಯಾರೂ ತಕರಾರು ಮಾಡಲ್ಲ. ಪರಸ್ಥಾನ ಕಣಮ್ಮಾ. ನಿಮ್ ಮನೇಲಿ ಇಡಲ್ವಾ?”

ಇಡುತ್ತಿದ್ದರು. ನಮ್ಮ ತಂದೆ ದೂರದ ಊರಿಗೆ ಹೊರಡುವ ದಿನ ಸರಿಯಿಲ್ಲದಿದ್ದರೆ ಅಜ್ಜಿ ಹಿಂದಿನ ದಿನವೇ ಅವರ ಒಂದು ಜೊತೆ ಬಟ್ಟೆಯನ್ನು, ಚೂರು ಅರಿಶಿನ ಕಟ್ಟಿದ ಚೀಲದಲ್ಲಿ ಹಾಕಿ, ಎದುರು ಮನೆಯಲ್ಲಿ ಇಟ್ಟು ಬರುತ್ತಿದ್ದಳು. ಚೀಲ ಹೊರಟಿತು ಅಂದರೆ ಮನುಷ್ಯ ಹೊರಟ ಹಾಗೇ. “ಪರಸ್ಥಾನ ಇಟ್ಮೇಲೆ ಹೋಗ್ದೆ ಇರೋ ಹಂಗಿಲ್ಲ, ಮೂರು ದಿನದೊಳಗೆ ಹೊರಡ್ಲೇಬೇಕು” ಅನ್ನುತ್ತಿದ್ದಳು. ಲಾರಿಗಳ ವಿಷಯಕ್ಕೆ ಬಂದರೆ, ಸಾಮಾನು ಇಳಿಸುವ ಕಡೆ ಗೊತ್ತುಮಾಡಿದ ಹೊತ್ತಿಗಿಂತ ಮುಂಚೆ ಗಾಡಿ ಒಳಗೆ ಬಿಡುವುದಿಲ್ಲ, ಆಮೇಲೆ ಹೋದರೆ ವಾಪಸ್ ಕಳಿಸುತ್ತಾರೆ. ನಡುವೆ ಅಮಾವಾಸ್ಯೆ ಬಂದರೆ ಏನು ಮಾಡಬೇಕು ಎಂಬುದಕ್ಕೆ ನಿನ್ನ ಅಪ್ಪ ಕಂಡುಕೊಂಡ ದಾರಿ ಅದು. ಎಂಥ ಜಾಣತನದ ಕೆಲಸ ಅಂತ ನನಗೆ ಅಲ್ಲೇ ನಿಂತಾಗ ಅನ್ನಿಸಿತ್ತು. ಅವರು ಹೇಳಿದ್ದನ್ನೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಟ ಇವತ್ತೂ ನನ್ನ ಹತ್ತಿರ ಇದೆ.

ಮೂರು ದಿನ ಕಳೆದು ವರದಿ ಬರೆದೆ. ಅದರಲ್ಲಿ ಆ ಪುಟ ಇರಲಿಲ್ಲ.

ವರದಿಯ ಗ್ರಾಫಿನಲ್ಲಿ ಆ ನಿಲುಗಡೆಗಳು ಕೆಂಪಗೆ, ಎಲ್ಲಕ್ಕಿಂತ ಎತ್ತರಕ್ಕೆ ಕಾಣುತ್ತಿದ್ದವು. ಕಾರಣ ಬರೆದರೆ ಆ ಕೆಂಪು ಅಳಿಸಿಹೋಗುತ್ತಿತ್ತು. ನನ್ನ ಹತ್ತಿರ ತೋರಿಸಲು ಬೇರೆ ಏನೂ ಇರಲಿಲ್ಲ. ‘ಗೇಟಿನ ಹೊರಗೆ, ಕ್ಯಾಮೆರಾ ಇಲ್ಲದ ಜಾಗದಲ್ಲಿ, ಕಾರಣ ತಿಳಿಯದ ನಿಲುಗಡೆ’ ಅಂತ ಬರೆದೆ. ಡೀಸೆಲ್ ಎಂಬ ಪದ ನಾನು ಬರೆದಿಲ್ಲ — ವರ್ಷಗಟ್ಟಲೆ ಇದನ್ನೇ ನನಗೆ ನಾನು ಹೇಳಿಕೊಂಡು ಬಂದೆ. ಎಂಥ ಹೇಸಿಗೆಯ ಸಮಾಧಾನ. ಕ್ಯಾಮೆರಾ ಇಲ್ಲದ ಜಾಗ ಅಂತ ಬರೆದವಳಿಗೆ ಓದುವವರ ತಲೆ ಡೀಸೆಲ್ ಕಳ್ಳತನದ ಕಡೆಗೇ ಓಡುತ್ತದೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಸಾಲನ್ನು ಎರಡು ಸಲ ತಿದ್ದಿದ್ದೆ ಬೇರೆ.

ಮೀಟಿಂಗಿಗೆ ನಿನ್ನ ಅಪ್ಪನನ್ನೂ ಕರೆಸಿದರು. ಹೊಸ ಮ್ಯಾನೇಜರು ಬೇರೆ ರಾಜ್ಯದವರು. ಕನ್ನಡವೂ ಬಾರದು, ತೆಲುಗೂ ಬಾರದು. ರವಣಪ್ಪನವರು ಗೋಡೆಯ ಪರದೆ ಮೇಲಿನ ಕೆಂಪು ನೋಡಿ ಗಾಬರಿಯಾಗಲಿಲ್ಲ, ನನ್ನನ್ನು ನೋಡಿ ನಕ್ಕರು. ಈ ಹುಡುಗಿಗೆ ಎಲ್ಲ ಹೇಳಿದ್ದೇನಲ್ಲ, ಇವಳು ಬಿಡಿಸಿ ಹೇಳುತ್ತಾಳೆ ಎಂಬ ನಗು.

“ಅದು ಪರಸ್ಥಾನ ಸಾರ್” ಅಂದರು.

ಮ್ಯಾನೇಜರು ನನ್ನ ಕಡೆ ತಿರುಗಿ, ಇವರು ಏನೋ ಹೇಳುತ್ತಿದ್ದಾರೆ, ಹಾಗೊಂದು ಕಾರಣ ಇದೆಯೇ, ನಿಮಗೇನಾದರೂ ಗೊತ್ತೇ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಕೋಣೆಯ ತುಂಬ ಲ್ಯಾಪ್‌ಟಾಪು ಬಿಚ್ಚಿಕೊಂಡು ಕೂತವರು. ಅಮಾವಾಸ್ಯೆ, ಅರಿಶಿನ, ಎದುರು ಮನೆಯಲ್ಲಿ ಇಟ್ಟ ಚೀಲ — ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಹೇಳಿದರೆ ನಾನೂ ಅದೇ ಹಳ್ಳಿಯವಳು ಅಂತ ಗೊತ್ತಾಗುತ್ತಿತ್ತು. ಮುಂದಿನ ವಾರ ಖಾಯಂ ಪಟ್ಟಿ ಬರುವುದಿತ್ತು. ಮತ್ತೆ...

“ಗೊತ್ತಿಲ್ಲ ಸಾರ್” ಅಂದೆ.

ನಿನ್ನ ಅಪ್ಪನಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು, ಶಿರೀಷಾ. ನಾನು ಅಂದದ್ದು ಅರ್ಥವಾಯಿತು. ನನ್ನನ್ನು ತೋರಿಸಿ, ಇವಳಿಗೆ ಹೇಳಿದ್ದೆ ಅಂತ ಒಂದು ಮಾತು ಅಂದಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಅನ್ನಲಿಲ್ಲ. ಆ ವಾರವೇ ಅವರನ್ನು ಕೆಲಸದಿಂದ ಬಿಡಿಸಿದರು. ಯಾವ ಕಾಗದದಲ್ಲೂ ಕಳ್ಳತನ ಅಂತ ಬರೆಯಲಿಲ್ಲ. ಬಾಯಿಂದ ಬಾಯಿಗೆ ಹೋಯಿತು. ಮಾಲೂರಿನಿಂದ ಮುಳಬಾಗಿಲಿನವರೆಗೆ ಯಾವ ಟ್ರಾನ್ಸ್‌ಪೋರ್ಟ್ ಆಫೀಸಿನವರೂ ಅವರನ್ನು ಸೇರಿಸಿಕೊಳ್ಳಲಿಲ್ಲ ಅಂತ ಡ್ರೈವರುಗಳು ಹೇಳಿದರು. ಈಗ ನಂಗಲಿಯಲ್ಲಿ ಹೈವೇ ಪಕ್ಕ ಎಳನೀರು ಮಾರುತ್ತಾರೆ ಅಂತಲೂ ಅವರಿಂದಲೇ ಗೊತ್ತು.

ಹೊರಡುವ ದಿನ ಪಂಚಾಂಗವನ್ನು ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ನಾನು ತಲೆ ಎತ್ತಲಿಲ್ಲ. “ಪೋನೀಲೇಮ್ಮಾ” ಅಂದರು. ಹೋಗಲಿ ಬಿಡಮ್ಮ. ಅಷ್ಟೇ ಅಂದು ಹೋದರು. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲವೇನೋ.

ಇಲ್ಲಿಗೆ ಮುಗಿದಿದ್ದರೆ ನಾನು ಒಬ್ಬ ಹೇಡಿ, ಅಷ್ಟೇ. ಇಲ್ಲಿಗೆ ಮುಗಿಯಲಿಲ್ಲ.

ಮುಂದಿನ ಅಮಾವಾಸ್ಯೆ ಬಂತು. ಗಾಡಿಗಳು ಗೇಟಿನ ಒಳಗೇ ನಿಂತವು. ಡ್ರೈವರುಗಳ ಫೋನು ಆಫ್. ಅದರ ಮುಂದಿನ ತಿಂಗಳೂ ಹಾಗೇ ಆಯಿತು; ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತರು. ಮೂರನೇ ತಿಂಗಳು, ಖಾಯಂ ಆದ ಅನಲಿಸ್ಟ್ ನಾನು, ಒಂದು ಹೊಸ ವರದಿ ಕೊಟ್ಟೆ. ತಿಂಗಳಲ್ಲಿ ಒಂದು ದಿನ ಚಾಲಕರು ಸಿಗುವುದಿಲ್ಲ, ಆದ್ದರಿಂದ ಹಿಂದಿನ ದಿನವೇ ಗಾಡಿಗಳನ್ನು ಲೋಡ್ ಮಾಡಿ ಗೇಟಿನ ಹೊರಗೆ ನಿಲ್ಲಿಸಬೇಕು. ಅದಕ್ಕೆ ‘ಪ್ರೀ-ಪೊಸಿಷನಿಂಗ್’ ಅಂತ ಹೆಸರಿಟ್ಟೆ. ಅದೇ ಹುಣಸೆಮರದ ಕೆಳಗೆ ಜಲ್ಲಿ ಹಾಕಿಸಿ, ಕ್ಯಾಮೆರಾ ಇಡಿಸಿ, ಇಂಗ್ಲಿಷಿನಲ್ಲಿ ಬೋರ್ಡು ನೆಟ್ಟರು. ವರ್ಷದ ಒಳ್ಳೆಯ ಯೋಜನೆ ಅಂತ ಹೆಡ್ ಆಫೀಸಿನಲ್ಲಿ ನನಗೆ ಗಾಜಿನ ಫಲಕ ಕೊಟ್ಟರು. ನಿಮ್ಮ ಕಾಲೇಜಿನಲ್ಲಿ ಪರದೆಯ ಮೇಲೆ ತೋರಿಸಿದೆನಲ್ಲ, ಮರದ ನೆರಳಲ್ಲಿ ಸಾಲಾಗಿ ನಿಂತ ಲಾರಿಗಳು — ‘ಇದು ನನ್ನ ಮೊದಲ ಸಾಧನೆ’ ಅಂದೆನಲ್ಲ — ಅದೇ ಅದು. ನೀನು ಮುಂದಿನ ಸಾಲಿನಲ್ಲಿ ಕೂತು ಅದನ್ನು ಬರೆದುಕೊಳ್ಳುತ್ತಿದ್ದೆ.

ಆ ಫಲಕ ಮನೆಯಲ್ಲಿ ಟಿವಿ ಪಕ್ಕದಲ್ಲಿದೆ. ಅದರ ಮೇಲೆ ಧೂಳು ಕೂತರೆ ಒರೆಸಲು ಮುಟ್ಟುತ್ತೇನೆ, ಆಮೇಲೆ ಹೋಗಿ ಕೈ ತೊಳೆದುಕೊಳ್ಳುತ್ತೇನೆ. ಎಸೆಯಲಿಲ್ಲ. ನನ್ನ ಬಗ್ಗೆ ನನಗೆ ಅಸಹ್ಯ ಹುಟ್ಟಿಸುವುದು ಇದೇ. ಇಷ್ಟೆಲ್ಲ ಅನ್ನಿಸಿಯೂ ಎಸೆಯಲಿಲ್ಲ.

ನೀನು ಕೇಳಿದ್ದು ಈ ಕೆಲಸಕ್ಕೆ ಮುಂದೆ ಹೇಗಿದೆ ಅಂತ. ಚೆನ್ನಾಗಿದೆ, ಶಿರೀಷಾ. ಅದರಲ್ಲಿ ನಾನು ಸುಳ್ಳು ಹೇಳಲಿಲ್ಲ. ಕೆಲಸ ಸಿಗುತ್ತದೆ, ಬಡ್ತಿ ಸಿಗುತ್ತದೆ, ಕಾಲೇಜುಗಳಿಗೆ ಕರೆದು ಶಾಲು ಹೊದಿಸುತ್ತಾರೆ. ಗಾಡಿ ಎಲ್ಲಿ ನಿಂತಿತು ಅಂತ ಮಾತ್ರ ಹೇಳುವವರು ನಾಳೆ ಬೇಕಾಗಲಿಕ್ಕಿಲ್ಲ, ಅದನ್ನು ಈಗಲೇ ಯಂತ್ರ ಮಾಡುತ್ತಿದೆ. ಯಾಕೆ ನಿಂತಿತು ಅಂತ ಎದ್ದು ಹೋಗಿ ಕೇಳುವವರು ಬೇಕು. ನಾನು ಎದ್ದು ಹೋಗಿ ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಅದನ್ನು ಮುಚ್ಚಿಟ್ಟೆ. ಆದ್ದರಿಂದ ಈ ಕೆಲಸಕ್ಕೆ ಸೇರು ಅಂತಲೋ ಬೇಡ ಅಂತಲೋ ಹೇಳುವ ಯೋಗ್ಯತೆ ನನಗಿಲ್ಲ. ನಿಮ್ಮ ಮನೆಯಲ್ಲೇ ನನಗಿಂತ ಚೆನ್ನಾಗಿ ಕಲಿಸಬಲ್ಲವರು ಇದ್ದಾರೆ, ಅವರನ್ನು ಕೇಳು.

ನೋಟ್‌ಬುಕ್ಕಿನ ಆ ಪುಟದ ನಕಲು ಇದರ ಜೊತೆಗಿದೆ. ಗಾಡಿಗಳು ನಿಂತ ಪ್ರತಿ ದಿನವನ್ನೂ ಪಂಚಾಂಗದ ಪಕ್ಕದಲ್ಲಿಟ್ಟು ಒಂದು ಪಟ್ಟಿ ಮಾಡಿದ್ದೇನೆ. ಒಂದೂ ತಪ್ಪಿಲ್ಲ, ಎಲ್ಲ ಅಮಾವಾಸ್ಯೆಯ ಹಿಂದಿನ ದಿನಕ್ಕೇ ಕೂಡಿಬರುತ್ತವೆ. ಎರಡನ್ನೂ ನಿನ್ನೆ ಹೆಡ್ ಆಫೀಸಿಗೆ ನನ್ನ ಹೆಸರಿನಲ್ಲೇ ಕಳಿಸಿದೆ. ರವಣಪ್ಪನವರು ಕಳ್ಳರಲ್ಲ, ಆ ಯೋಜನೆ ನನ್ನದಲ್ಲ, ಅವರದು, ಅವತ್ತು ಗೊತ್ತಿಲ್ಲ ಅಂದದ್ದು ಸುಳ್ಳು ಅಂತ ಬರೆದಿದ್ದೇನೆ. ಏನು ಮಾಡುತ್ತಾರೋ ಮಾಡಲಿ. ಅದರಿಂದ ನಿನ್ನ ಅಪ್ಪನ ಆರು ವರ್ಷ ವಾಪಸ್ ಬರುವುದಿಲ್ಲ, ಅವರ ಒಳ್ಳೆಯ ಹೆಸರಾದರೂ ಬಂದರೆ ದೊಡ್ಡದು.

ಇದನ್ನು ಎದುರು ನಿಂತು ಹೇಳಬೇಕು ಅಂತ ಮೂರು ಸಲ ನಂಗಲಿಗೆ ಹೊರಟಿದ್ದೇನೆ. ಮುಳಬಾಗಿಲಿನ ಬಸ್ ಸ್ಟ್ಯಾಂಡಿನವರೆಗೆ ಬಂದು, ಒಂದು ಟೀ ಕುಡಿದು, ಬಂದ ದಾರಿಯಲ್ಲೇ ವಾಪಸ್ಸಾಗಿದ್ದೇನೆ. ನನ್ನ ಕಾಲನ್ನು ನಾನೇ ನಂಬುವ ಹಾಗಿಲ್ಲ.

ನಾಳೆ ಅಮಾವಾಸ್ಯೆ. ನಂಗಲಿ ಮೇಲೆ ಹೋಗುವ ಒಂದು ಗಾಡಿ ಇವತ್ತು ಸಂಜೆ ಗೇಟು ದಾಟಿ ಹುಣಸೆಮರದ ಕೆಳಗೆ ನಿಂತು ನಾಳೆ ಹೊರಡುತ್ತದೆ, ಈ ಕಾಗದವನ್ನು ಅದರ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ಅಪ್ಪನಿಗೆ ತೋರಿಸಬೇಡ ಅನ್ನುವುದಿಲ್ಲ. ಪೂರ್ತಿ ಓದಿ ಹೇಳು. ಅಜ್ಜಿಯ ಮಾತಿನ ಪ್ರಕಾರ ಇದು ನನ್ನ ಪರಸ್ಥಾನ. ಇನ್ನು ಬರದೆ ಇರುವ ಹಾಗಿಲ್ಲ. ಮೂರು ದಿನದೊಳಗೆ ನಂಗಲಿಗೆ ಬರುತ್ತೇನೆ. ಅವರು ನನ್ನನ್ನು ಒಳಗೆ ಕರೆಯದಿದ್ದರೆ ರಸ್ತೆಯಲ್ಲೇ, ಅವರ ಎಳನೀರಿನ ರಾಶಿಯ ಮುಂದೆ, ಅಲ್ಲಿ ನಿಂತ ಡ್ರೈವರುಗಳಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ: ನನಗೆ ಗೊತ್ತಿತ್ತು.