ಶುಂಠಿ ಚಹಾದ ಸುಮಂಗಲಕ್ಕ

ಗುರುವಾರ ಬಂತೆಂದರೆ ನನ್ನ ಕಿವಿ ಬಾಗಿಲಲ್ಲೇ ಇರುತ್ತಿತ್ತು. ಹೊರ್ತಿ ಊರಿನ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಸುಮಂಗಲಕ್ಕ ಬಸುರಿ, ಬಾಣಂತಿಯರ ಮನೆಗೆ ಮೊಬೈಲ್ ಹಿಡಿದು ಬರುವ ದಿನ ಅದು. ಅದರಲ್ಲಿ ಮನಸ್ಸು ಕುಗ್ಗದಂತೆ ಕಾಯುವ ಪಾಠಗಳಿದ್ದವು, ನಡುನಡುವೆ ಪ್ರಶ್ನೆಗಳು. "ಈ ವಾರ ಸುಮ್ಮಸುಮ್ಮನೆ ಅಳು ಬಂದಿತ್ತೇ?" ಎಂದು ಮೊಬೈಲ್ ಕೇಳಿದರೆ ನಮ್ಮತ್ತೆಯೇ, "ಆಕಿಗೇನ್ ಆಗೇತ್ರಿ, ಉಂಡು ಆರಾಮ ಅದಾಳ" ಎನ್ನುತ್ತಿದ್ದರು. ಸುಮಂಗಲಕ್ಕ ವಾದಿಸುವವಳಲ್ಲ. "ಅವ್ವಾರ, ಒಂದು ಕಪ್ ಚಾ ಮಾಡ್ರಿ. ಶುಂಠಿ ಜಜ್ಜಿ ಹಾಕಿ ಭಾಳ ಹೊತ್ತು ಕುದಿಸ್ರಿ" ಎನ್ನುವಳು. ಎಲ್ಲ ಮನೆಯಲ್ಲೂ ಇದೇ ಬೇಡಿಕೆ. ದಿನಕ್ಕೆ ಹದಿನಾಲ್ಕು ಕಪ್ ಕುಡಿಯುತ್ತಾಳೆಂದು ಓಣಿಯೆಲ್ಲ ನಗುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ಚಹಾ ಕುದಿಸುವಷ್ಟು ಹೊತ್ತು ನಾನು ಮಾತಾಡುತ್ತಿದ್ದೆ, ಅಳುತ್ತಿದ್ದೆ. ಅವಳು ನನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುತ್ತಿದ್ದಳು. ಕೊನೆಯ ಪಾಠದ ದಿನ, "ಅಕ್ಕಾ, ಚಾದ ಮ್ಯಾಲ ಇಷ್ಟ್ಯಾಕ ಜೀವ?" ಎಂದೆ. "ಚಾ ಕಂಡ್ರ ನನಗ ವಾಕರಿಕಿ ಬರ್ತೈತಿ, ತಂಗಿ. ನಾ ಹಡದಾಗ ನರ್ಸಬಾಯಿ ಒಬ್ಬಾಕಿ ಹೆಂಗದಿ ಅಂತ ಕೇಳಿದ್ಲು. ನಮ್ಮತ್ತಿ ಬಾಜೂಕ ಕುಂತಿದ್ಲು. ಆರಾಮ ಅದೀನ್ರಿ ಅಂದೆ" ಎಂದಳು. ಪಾಠ ಮುಗಿದು ತಿಂಗಳಾಯಿತು. ಈಗಲೂ ಗುರುವಾರ ಯಾರ ಮನೆಯಿಂದ ಶುಂಠಿಯ ವಾಸನೆ ಬಂದರೂ ನಾನು ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಆ ಮನೆಯೊಳಗೆ ಒಬ್ಬಳು ಮಾತಾಡುತ್ತಿದ್ದಾಳೆ.